ತಟ್ಟಿದರೆ ಬಿಡಬೇಕು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಹೆಣ್ಣುಮಕ್ಕಳಿಗೆ ಜೂಡೋ ಕಲಿಸಲು ತೊಡಗಿದ ಮೇಲೆ ಇದು ಆರನೆಯ ಮಳೆಗಾಲ. ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ನಡೆಯುವ 3 ತಿಂಗಳ ಆತ್ಮರಕ್ಷಣೆ ತರಬೇತಿ ಅದಕ್ಕೂ ಮೊದಲೇ ನಮ್ಮಲ್ಲಿ ನಡೆದಿತ್ತು. ಹುಡುಗಿಯರು ಸಾಲಾಗಿ ನಿಂತು ಕರಾಟೆಯ ಹೊಡೆತಗಳನ್ನೂ ತಡೆಗಳನ್ನೂ ಚೆನ್ನಾಗಿಯೇ ಕಲಿತರು. ಆದರೆ ಸಾಲು ಚದುರಿದೊಡನೆ ಹಾಸ್ಟೆಲಿನ ಮಕ್ಕಳು ಒಂದು ಮೂಲೆಯಲ್ಲಿ, ತೋಟದ ಮನೆಗಳ ಮಕ್ಕಳು ಊರಿಗೊಂದು ಗುಂಪಾಗಿ ಇನ್ನೊಂದು ಕಡೆ ಕೂರುತ್ತಿದ್ದರು. ಬುತ್ತಿ ಬಿಚ್ಚುವಾಗಲೂ ಹಾಗೆಯೇ. ಕಾಲೇಜಿನಲ್ಲಿದ್ದಾಗ ನಾನು ಜೂಡೋ ಆಡಿದವಳು. ಜೊತೆಗಾರ್ತಿಯಿಲ್ಲದೆ ಮುಂದೆ ಸಾಗದ ವಿದ್ಯೆ ಅದು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಂಡೆ.

ಮೊದಲು ಬೇಕಾದದ್ದು ಬೀಳಲು ಹಾಸು. ಪೋಷಕರು ಕೊಟ್ಟ ಬೈಹುಲ್ಲನ್ನು ಗೋಣಿಚೀಲಗಳಿಗೆ ಒತ್ತಿ ತುಂಬಿ, ಒಂದಕ್ಕೊಂದು ಸೇರಿಸಿ ಹೊಲಿದು, ಮೇಲೆ ತಾಡಪಾಲು ಬಿಗಿದೆವು. ಆಷಾಢದ ಮಳೆಗೆ ಹುಲ್ಲು ತೇವ ಹೀರಿ ಬೂಸ್ಟು ಹಿಡಿದು, ಸಭಾಂಗಣವೆಲ್ಲ ಮುಗ್ಗಲು ವಾಸನೆಯಾಯಿತು. ಮರುವರ್ಷ ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಫೋಮ್ ಮ್ಯಾಟುಗಳು ಬಂದವು. ಜೂಡೋ ಅಂಗಿಗಳನ್ನು ಪೇಟೆಯ ದರ್ಜಿಯೊಬ್ಬರು ದಪ್ಪ ಡ್ರಿಲ್ ಬಟ್ಟೆಯಲ್ಲಿ ಹೊಲಿದುಕೊಟ್ಟರು. ಮೊದಲ ವಾರದಲ್ಲಿಯೇ ಕಂಕುಳಿನಲ್ಲಿ ಹರಿದದ್ದರಿಂದ ಅಲ್ಲಿಗೆ ಎರಡನೆಯ ಪದರ ಕೊಡಿಸಿದೆವು.

ಆರಂಭದಲ್ಲಿ ನಾನೊಂದು ತಪ್ಪು ಮಾಡಿದೆ. ಮಕ್ಕಳ ಉತ್ಸಾಹ ಕಂಡು ಮೂರನೆಯ ವಾರಕ್ಕೇ ಎಸೆತ ಹೇಳಿಕೊಟ್ಟೆ. ಒಬ್ಬಳು ಬೀಳುವಾಗ ಕೈಯೂರಿ, ಮೊಣಕೈ ಊದಿಕೊಂಡು ಎರಡು ವಾರ ತರಗತಿಗೆ ಬರಲಿಲ್ಲ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅಜ್ಜಿ, 'ಬೀಳೋದು ಕಲಿಯಕ್ಕೆ ಶಾಲೆಗೆ ಹೋಗ್ಬೇಕೇನಮ್ಮ?' ಎಂದರು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಕೊಂಡು, ಸಂಕ ದಾಟಿ ಓಡಾಡುವ ಮನೆಯಲ್ಲಿ ಆ ಮಾತು ಬಂದದ್ದು ನನಗೆ ಒಳ್ಳೆಯದೇ ಆಯಿತು. ಬೀಳದೆ ಇರಲಾಗದ ಊರಿನಲ್ಲಿ ಪೆಟ್ಟಾಗದಂತೆ ಬೀಳುವುದನ್ನೇ ಮೊದಲು ಕಲಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟು ಬಂದೆ. ಅಂದಿನಿಂದ ಮೊದಲ ಎರಡು ತಿಂಗಳು ಬರೀ ಬೀಳುವುದೇ ಪಾಠ. ಗಲ್ಲವನ್ನು ಎದೆಗೆ ತಂದು ನಡುಪಟ್ಟಿಯ ಗಂಟನ್ನು ನೋಡಬೇಕು, ಬೆನ್ನು ದುಂಡಗಾಗಬೇಕು, ಉಸಿರು ಬಿಡುತ್ತ ಎರಡೂ ಕೈಗಳಿಂದ ಹಾಸನ್ನು ಬಡಿಯಬೇಕು. ಮೊದಲು ಕುಳಿತಲ್ಲಿಂದ, ಆಮೇಲೆ ಕುಕ್ಕರುಗಾಲಿನಿಂದ, ಕೊನೆಗೆ ನಿಂತಲ್ಲಿಂದ.

ಬೀಳುವುದಕ್ಕಿಂತ ಕಷ್ಟವಾದದ್ದು ತಟ್ಟುವುದು. ಜೂಡೋದಲ್ಲಿ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿಯುವ ಪಟ್ಟುಗಳಿವೆ. ಸ್ಪರ್ಧೆಯಲ್ಲಿ 20 ಸೆಕೆಂಡು ಹಿಡಿದಿಟ್ಟರೆ ಗೆಲುವು. ಕೆಳಗಿರುವವಳು ತಡೆಯಲಾರದಾದಾಗ ಎರಡು ಸಲ ತಟ್ಟಬೇಕು, ತಟ್ಟಿದೊಡನೆ ಮೇಲಿರುವವಳು ಬಿಡಬೇಕು. ನಮ್ಮ ಮಕ್ಕಳು ತಟ್ಟುತ್ತಲೇ ಇರಲಿಲ್ಲ. ಮುಖ ಕೆಂಪೇರಿ, ಕಣ್ಣಲ್ಲಿ ನೀರು ತುಂಬಿದರೂ ತುಟಿ ಕಚ್ಚಿಕೊಂಡು ಮಲಗಿರುತ್ತಿದ್ದರು. ಒಬ್ಬಳನ್ನು ಎಬ್ಬಿಸಿ ಏಕೆಂದು ಕೇಳಿದರೆ, 'ಅವಳಿಗೆ ಬೇಜಾರಾಗತ್ತಲ್ಲ, ಮೇಡಂ' ಎಂದಳು. ಸಹಿಸಿಕೊಳ್ಳುವುದನ್ನೇ ಒಳ್ಳೆಯ ಹುಡುಗಿಯ ಲಕ್ಷಣವೆಂದು ನಾವು ಇವರಿಗೆ ಎಷ್ಟು ಚಿಕ್ಕ ವಯಸ್ಸಿನಿಂದಲೇ ಕಲಿಸಿದ್ದೇವೆ ಎಂದು ಆ ದಿನ ನನಗೆ ಬಹಳ ಸಂಕಟವಾಯಿತು. ಮರುದಿನದಿಂದ ಪಟ್ಟು ಬಿಗಿಯುವ ಮೊದಲೇ, ನೋವಿಲ್ಲದಿದ್ದರೂ, ಪ್ರತಿಯೊಬ್ಬಳೂ ಹತ್ತು ಸಲ ತಟ್ಟಬೇಕು, ಮೇಲಿರುವವಳು ಹತ್ತು ಸಲವೂ ತಕ್ಷಣ ಬಿಡಬೇಕು ಎಂಬ ನಿಯಮ ಮಾಡಿದೆ. ತಾನು ಸಾಕೆಂದರೆ ಎದುರಿನವಳು ನಿಜವಾಗಿ ನಿಲ್ಲಿಸುತ್ತಾಳೆ ಎಂಬುದು ಮೈಗೆ ಗೊತ್ತಾಗಲು ತಿಂಗಳೇ ಹಿಡಿಯಿತು. ಆತ್ಮವಿಶ್ವಾಸವೆಂದು ನಾನು ಕಂಡದ್ದು ಇದನ್ನು. ಗಟ್ಟಿಯಾಗಿ ಕೂಗುವುದನ್ನಾಗಲಿ ಹಲಗೆ ಮುರಿಯುವುದನ್ನಾಗಲಿ ಅಲ್ಲ.

ಜೊತೆಯನ್ನು ಮಕ್ಕಳೇ ಆರಿಸಿಕೊಳ್ಳಲು ನಾನು ಬಿಡುವುದಿಲ್ಲ. ಎದುರುಬದುರು ಎರಡು ಸಾಲು ನಿಲ್ಲಿಸಿ, 3 ನಿಮಿಷಕ್ಕೊಮ್ಮೆ ಒಂದು ಸಾಲು ಒಂದು ಹೆಜ್ಜೆ ಸರಿಯುತ್ತದೆ. ಸಂಜೆಯ ಬಸ್ಸಿನ ಹೊತ್ತಿಗೆ ಆ ಸಾಲಿನ ಪ್ರತಿಯೊಬ್ಬಳೂ ಎದುರು ಸಾಲಿನ ಎಲ್ಲರ ಕಾಲರು ಹಿಡಿದಿರುತ್ತಾಳೆ. ಎಸೆಯುವವಳು ಬೀಳುವವಳ ತೋಳನ್ನು ಕೊನೆಯವರೆಗೂ ಬಿಡದೆ ಮೇಲಕ್ಕೆ ಎಳೆದು ಹಿಡಿದರೆ ಮಾತ್ರ ತಲೆ ನೆಲಕ್ಕೆ ತಾಗುವುದಿಲ್ಲ. 1882ರಲ್ಲಿ ಜೂಡೋ ಶಾಲೆ ಕೊಡೊಕಾನನ್ನು ತೆರೆದ ಜಿಗೊರೊ ಕಾನೊ ಅವರು 'ಜಿತಾ ಕ್ಯೋಯೇಯಿ', ಅಂದರೆ ನೀನೂ ನಾನೂ ಕೂಡಿಯೇ ಏಳಿಗೆಯಾಗುವುದು ಎಂದು ಹೇಳಿದ್ದನ್ನು ನಾನು ಹುಡುಗಿಯರಿಗೆ ವಿವರಿಸಿದ್ದು, ಆ ತೋಳಿನ ಹಿಡಿತ ಅವರಿಗೆ ಅರ್ಥವಾದ ನಂತರವೇ. ಪರಸ್ಪರ ಮಾತೇ ಆಡದಿದ್ದ ಇಬ್ಬರು, ಒಬ್ಬಳು ಹಾಸ್ಟೆಲಿನವಳು, ಇನ್ನೊಬ್ಬಳು ಅಡಿಕೆ ತೋಟದ ಮನೆಯವಳು, ಒಂದು ಮಧ್ಯಾಹ್ನ ಹರಿದ ತೋಳೊಂದನ್ನು ತೊಡೆಯ ಮೇಲೆ ಹರಡಿಕೊಂಡು ಎರಡೂ ಕಡೆಯಿಂದ ಹೊಲಿಯುತ್ತ ಕುಳಿತಿದ್ದರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಎರಡನೆಯವಳು ಶಾಲೆಗೆ ಬಾರದಿದ್ದಾಗ ಮೊದಲನೆಯವಳೇ ಅವಳ ನೋಟ್ಸ್ ಬರೆದಿಟ್ಟಳು.

ಇದು ಗಂಡಸರ ಆಟವಲ್ಲವೇ ಎಂದು ಯಾರಾದರೂ ಕೇಳಿದರೆ ಕೈಕೊ ಫುಕುದಾ ಅವರ ವಿಷಯ ಹೇಳುತ್ತೇನೆ. ಕಾನೊ ಅವರಲ್ಲಿಯೇ ಕಲಿತ ಅವರು 1953ರಲ್ಲಿ 5ನೆಯ ದಾನ್, ಅಂದರೆ ಕಪ್ಪು ಪಟ್ಟಿಯ 5ನೆಯ ದರ್ಜೆ, ಪಡೆದ ಮೇಲೆ, ಹೆಣ್ಣೆಂಬ ಕಾರಣಕ್ಕೆ ಸುಮಾರು 20 ವರ್ಷ ಅಲ್ಲಿಯೇ ನಿಲ್ಲಬೇಕಾಯಿತು. 2011ರಲ್ಲಿ, 98ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ಅವರಿಗೆ 10ನೆಯ ದಾನ್ ಸಂದಿತು. ಆಗಲೂ ಅವರು ಕಲಿಸುತ್ತಲೇ ಇದ್ದರು.

ಈ ಜೂನಿನಲ್ಲಿ ಎಂಟನೆಯ ತರಗತಿಗೆ ಬಂದ ಹೊಸಬರಿಗೆ ತಟ್ಟುವುದರ ಮೊದಲ ಪಾಠ ಹೇಳಿದ್ದು ಹತ್ತನೆಯ ತರಗತಿಯ ಹುಡುಗಿಯರು. ಮೊಣಕೈ ಊದಿಸಿಕೊಂಡವಳ ತಂಗಿಯೂ ಆ ಹೊಸಬರಲ್ಲಿದ್ದಾಳೆ. ದೊಡ್ಡವಳು ಹಗುರವಾಗಿ ಒತ್ತಿ ಹಿಡಿದಾಗ ಅವಳು ತಟ್ಟಿದ್ದು ಹಾಸಿಗೂ ಕೇಳಿಸದಷ್ಟು ಮೆಲ್ಲಗೆ. ದೊಡ್ಡವಳು ಆಗಲೇ ಬಿಟ್ಟು ಎದ್ದು ಕುಳಿತಿದ್ದಳು. 'ನಾನು ಬಿಟ್ಟೆ, ನೋಡು. ಈಗ ಇನ್ನೊಂದ್ಸಲ, ಜೋರಾಗಿ ತಟ್ಟು' ಎಂದಳು.