ಪಲ್ಲೇಡಿಯಂ ವೇಗವರ್ಧಕಕ್ಕೆ ಗಾಳಿ ಸೋಕದಂತೆ ಮಾಸ್ ಸ್ಪೆಕ್ಟ್ರಮ್ ತೆಗೆಯುವುದು: ನನ್ನ ಅನುಭವ

ತುಮಕೂರಿನ ವಸಂತನರಸಾಪುರದಲ್ಲಿರುವ ನಮ್ಮ ಪ್ರಯೋಗಾಲಯದಲ್ಲಿ ಪಲ್ಲೇಡಿಯಂ ಟೆಟ್ರಾಕಿಸ್ (ಲೋಹದ ಸುತ್ತ ನಾಲ್ಕು ಟ್ರೈಫಿನೈಲ್‌ಫಾಸ್ಫೀನ್ ಅಣುಗಳು ಅಂಟಿಕೊಂಡ ವೇಗವರ್ಧಕ) ಇಲ್ಲದೆ ಕೆಲಸ ಸಾಗುವುದಿಲ್ಲ. ಚೆನ್ನಾಗಿದ್ದಾಗ ಅದು ಹೊಳೆಯುವ ಹಳದಿ ಪುಡಿ. ಗಾಳಿ ತಗುಲಿದರೆ ಬಣ್ಣ ಕೆಡುತ್ತದೆ. ಪುಡಿ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ದ್ರಾವಣದೊಳಗೆ ಇರುವ ಅಣು ಯಾವುದು ಎಂದು ಹೇಳಲು ಮಾತ್ರ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರೇ ಬೇಕು.

ನಮ್ಮದು ಎಲೆಕ್ಟ್ರೋಸ್ಪ್ರೇ ಯಂತ್ರ, ಅಂದರೆ ದ್ರಾವಣವನ್ನು ವಿದ್ಯುದಾವೇಶದ ತುಂತುರಾಗಿ ಸಿಂಪಡಿಸುವಂಥದ್ದು. ಅದಕ್ಕೆ ಆವೇಶವಿರುವ ಅಣು ಮಾತ್ರ ಕಾಣುತ್ತದೆ, ಟೆಟ್ರಾಕಿಸ್‌ಗೆ ಆವೇಶವಿಲ್ಲ. ಅದಕ್ಕಾಗಿ ಸಲ್ಫೋನೇಟ್ ಗುಂಪು ಹೊತ್ತ ಟ್ರೈಫಿನೈಲ್‌ಫಾಸ್ಫೀನನ್ನು ತುಸು ಬೆರೆಸುತ್ತೇನೆ. ಅದು ಲೋಹದ ಮೇಲಿನ ಒಂದು ಫಾಸ್ಫೀನಿನ ಜಾಗ ಹಿಡಿದು, ಇಡೀ ಅಣುವಿಗೆ ಋಣಾವೇಶ ತಂದುಕೊಡುತ್ತದೆ.

ಗಾಳಿಯದೇ ದೊಡ್ಡ ತೊಡಕು. ಸಿರಿಂಜಿನಲ್ಲಿ ಒಯ್ಯುವುದನ್ನು ನಾನು ನಂಬುವುದಿಲ್ಲ, ಮುಂಗಾರಿನ ತೇವದಲ್ಲಂತೂ ಬೇಡವೇ ಬೇಡ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಸ್ಕಾಟ್ ಮ್ಯಾಕಿಂಡೋ ಅವರ ತಂಡ ಬೆಳೆಸಿದ ವಿಧಾನವೇ ನನ್ನದು. ಗಾಳಿ ಹೊಗದ ಷ್ಲೆಂಕ್ ಫ್ಲಾಸ್ಕಿನ ಸೆಪ್ಟಮ್ (ರಬ್ಬರ್ ಮುಚ್ಚಳ) ಮೂಲಕ ಪೀಕ್ ಎಂಬ ಪ್ಲಾಸ್ಟಿಕ್ಕಿನ ಕೆಂಪು ಕೊಳವೆಯನ್ನು ದ್ರಾವಣದೊಳಗೆ ಇಳಿಸುತ್ತೇನೆ, ಒಳವ್ಯಾಸ 0.127 ಮಿ.ಮೀ. ಇನ್ನೊಂದು ತುದಿ ನೇರವಾಗಿ ಯಂತ್ರದ ಬಾಯಿಗೆ. ಮೇಲಿನಿಂದ ಆರ್ಗಾನಿನ ಅಲ್ಪ ಒತ್ತಡ ಕೊಟ್ಟರೆ ದ್ರಾವಣ ತಾನಾಗಿ ಹರಿಯುತ್ತದೆ. ಯಂತ್ರಕ್ಕೆಂದು ಇರುವ ನೈಟ್ರೋಜನ್ ಜನರೇಟರಿನ ಅನಿಲದಲ್ಲಿ ಆಮ್ಲಜನಕ ಉಳಿದಿರುತ್ತದೆ, ಅದನ್ನು ಫ್ಲಾಸ್ಕಿಗೆ ಬಿಡಬಾರದು.

ಮೊದಲು ತೇವವಿಲ್ಲದ ದ್ರಾವಕವಾದ ಟಿಎಚ್‌ಎಫ್‌ನಿಂದ ಕೊಳವೆ ತೊಳೆದು, ಸಲ್ಫೋನೇಟ್ ಫಾಸ್ಫೀನನ್ನು ಒಂಟಿಯಾಗಿ ಹರಿಸುತ್ತೇನೆ. ಯಂತ್ರದ ನಕ್ಷೆಯಲ್ಲಿ ಅದರ ಶಿಖರ 341ರಲ್ಲಿ; ಒಂದೇ ಆವೇಶವಿರುವ ಅಣುವಿಗೆ ಈ ಸಂಖ್ಯೆಯೇ ಅದರ ತೂಕ. ಒಂದು ಆಮ್ಲಜನಕ ಅಂಟಿಕೊಂಡರೆ 357. ಈ 357 ತಲೆ ಎತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಅದು ತಗ್ಗುವವರೆಗೆ ಪಲ್ಲೇಡಿಯಂ ಮುಟ್ಟುವುದಿಲ್ಲ.

ಕೋನ್ ವೋಲ್ಟೇಜ್ (ಯಂತ್ರದ ಬಾಯಿಯಲ್ಲಿ ಅಣುಗಳನ್ನು ಒಳಗೆಳೆಯುವ ವಿದ್ಯುತ್ ಒತ್ತಡ) ಕಡಿಮೆ ಇರಲಿ, ಇಲ್ಲದಿದ್ದರೆ ಫಾಸ್ಫೀನುಗಳು ದಾರಿಯಲ್ಲೇ ಉದುರುತ್ತವೆ. ದ್ರಾವಣದಲ್ಲಿ ನಾಲ್ಕು ಫಾಸ್ಫೀನುಗಳಲ್ಲಿ ಕೆಲವು ತಾವಾಗಿಯೇ ಕಳಚಿರುತ್ತವೆ. ಸಲ್ಫೋನೇಟ್ ಹೊತ್ತದ್ದೂ ಸೇರಿ ಎರಡು ಫಾಸ್ಫೀನುಗಳಿರುವ ಅಣು 709ರಲ್ಲಿ, ಮೂರಿರುವುದು 971ರಲ್ಲಿ ಸಿಗುತ್ತದೆ. ಸಂಖ್ಯೆ ಹೊಂದಿದ ಮಾತ್ರಕ್ಕೆ ನಾನು ಒಪ್ಪುವುದಿಲ್ಲ. ಪಲ್ಲೇಡಿಯಂಗೆ 102ರಿಂದ 110ರವರೆಗೆ ಆರು ಸ್ಥಿರ ಐಸೊಟೋಪುಗಳಿವೆ, ಅಂದರೆ ತೂಕ ಬೇರೆಯಾದ ಪರಮಾಣುಗಳು. ಹೀಗಾಗಿ ಒಂದು ಅಣು ಗೆರೆಗಳ ಗೊಂಚಲಾಗಿ ಕಾಣುತ್ತದೆ. 105, 106, 108 ಎತ್ತರ, 104 ಮತ್ತು 110 ಗಿಡ್ಡ, 102 ಕಂಡೂ ಕಾಣದಷ್ಟು. ಲೆಕ್ಕ ಹಾಕಿದ ವಿನ್ಯಾಸವನ್ನು ಯಂತ್ರ ಕೊಟ್ಟದ್ದರ ಮೇಲಿಟ್ಟು ಒಂದೊಂದೇ ಗೆರೆ ನೋಡುತ್ತೇನೆ. ತಂತ್ರಾಂಶ ಕೊಡುವ ಅಂಕಕ್ಕಿಂತ ಈ ನೋಟವನ್ನೇ ಹೆಚ್ಚು ನಂಬುತ್ತೇನೆ.

ಬಳಿಕ ಅದೇ ಫ್ಲಾಸ್ಕಿಗೆ ಅಯೋಡೋಬೆಂಜೀನ್ ಚುಚ್ಚಿದರೆ 709 ಕುಗ್ಗುತ್ತಾ 913 ಬೆಳೆಯುತ್ತದೆ. ನಡುವಿನ ಅಂತರ 204, ಒಂದು ಅಯೋಡೋಬೆಂಜೀನಿನ ತೂಕ. ಅಯೋಡಿನ್‌ಗೆ ಇರುವುದು ಒಂದೇ ಸ್ಥಿರ ಐಸೊಟೋಪ್, ಹಾಗಾಗಿ ಪಲ್ಲೇಡಿಯಂ ವಿನ್ಯಾಸ ಅಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.