ಮಾರ್ಚ್ 31ರ ಬೆಲೆ: ಕಂಪನಿ ಲೆಕ್ಕದಲ್ಲಿ ಫೇರ್ ವ್ಯಾಲ್ಯೂ ಕಟ್ಟುವುದು ಹೇಗೆ

ಮಂಡ್ಯದ ಎಪಿಎಂಸಿಗೆ ಬೆಲ್ಲ ತಂದವರಿಗೆ ಸಿಗುವುದು ಆ ದಿನದ ರೇಟು. ಆಲೆಮನೆಯಲ್ಲಿ ಎಷ್ಟು ಖರ್ಚಾಯಿತು, ಮುಂದಿನ ತಿಂಗಳು ರೇಟು ಏರಬಹುದೇ ಎಂದು ಯಾರೂ ಕೇಳುವುದಿಲ್ಲ. ಭಾರತದ ಲೆಕ್ಕಪತ್ರ ಮಾನದಂಡಗಳಾದ ಇಂಡ್ ಎಎಸ್‌ಗಳಲ್ಲಿ 113ನೆಯದು ಹೇಳುವ ಫೇರ್ ವ್ಯಾಲ್ಯೂ ಕೂಡ ಇಂಥದ್ದೇ. ಅಳೆಯುವ ದಿನ, ಒತ್ತಡವಿಲ್ಲದ ಸಹಜ ವ್ಯವಹಾರದಲ್ಲಿ, ಆಸ್ತಿ ಮಾರಿದರೆ ಬರುವ ಬೆಲೆ ಅದು. ಹೊಣೆಯಾದರೆ ಅದನ್ನು ಬೇರೆಯವರಿಗೆ ದಾಟಿಸಲು ಕೊಡಬೇಕಾದ ಬೆಲೆ. "ನಾವೇನು ಈಗ ಮಾರುವುದಿಲ್ಲವಲ್ಲ" ಎಂಬ ವಾದ ಇಲ್ಲಿ ನಡೆಯದು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದಿತ್ತು. ಆ ತಿಂಗಳ ಕೊನೆಗೆ ಲೆಕ್ಕ ಮುಚ್ಚಿದವರೂ ಮಾರುಕಟ್ಟೆಯಲ್ಲಿದ್ದ ಬೆಲೆಯನ್ನೇ ಹಿಡಿಯಬೇಕಿತ್ತು.

ಬಹುತೇಕ ಲಿಸ್ಟೆಡ್ ಕಂಪನಿಗಳಿಗೂ 250 ಕೋಟಿ ರೂಪಾಯಿ ಅಥವಾ ಹೆಚ್ಚು ನೆಟ್‌ವರ್ತ್ ಇರುವವಕ್ಕೂ ಇಂಡ್ ಎಎಸ್ ಕಡ್ಡಾಯ. ಹಾಗಾಗಿ ಮೈಸೂರಿನ ಹೆಬ್ಬಾಳ, ನಂಜನಗೂಡು ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಈ ತಲೆನೋವಿಲ್ಲ. ಆದರೆ ಅವುಗಳ ಮಾತೃಸಂಸ್ಥೆ ಈ ಮಿತಿಯೊಳಗೆ ಬಂದರೆ ಅವಕ್ಕೂ ಅನ್ವಯಿಸುತ್ತದೆ.

ಮೊದಲು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಪಟ್ಟಿ) ಇಟ್ಟುಕೊಂಡು ಇಂಡ್ ಎಎಸ್ 109ರ (ಹಣಕಾಸು ಸಾಧನಗಳ ಮಾನದಂಡ) ಪ್ರಕಾರ ವಿಂಗಡಿಸಿ. ಅಸಲು–ಬಡ್ಡಿ ಮಾತ್ರ ಬರುವ, ಕೊನೆಯವರೆಗೆ ಇಟ್ಟುಕೊಳ್ಳುವ ಬಾಂಡ್‌ಗೆ ಅಮಾರ್ಟೈಸ್ಡ್ ಕಾಸ್ಟ್, ಅಂದರೆ ಮೊದಲ ಮೌಲ್ಯಕ್ಕೆ ಬಡ್ಡಿ ಸೇರಿಸಿ, ಬಂದ ಹಣ ಕಳೆಯುತ್ತ ಹೋಗುವ ಮೊತ್ತ. ಮಾರುವುದೂ ಉದ್ದೇಶದ ಭಾಗವಾಗಿದ್ದರೆ ಬೆಲೆಯ ಏರಿಳಿತ ಒಸಿಐಗೆ (ಲಾಭ–ನಷ್ಟ ಖಾತೆಯ ಹೊರಗೆ ತೋರಿಸುವ ಇತರ ಸಮಗ್ರ ಆದಾಯ). ಓಪನ್ ಎಂಡೆಡ್ ಮ್ಯೂಚುವಲ್ ಫಂಡ್, ಹೆಡ್ಜ್ ಅಕೌಂಟಿಂಗ್‌ಗೆ (ಅಪಾಯ ತಗ್ಗಿಸಲು ಮಾಡಿದ ಒಪ್ಪಂದಗಳ ವಿಶೇಷ ಲೆಕ್ಕ) ಒಳಪಡದ ಡೆರಿವೇಟಿವ್ (ಬೇರೊಂದರ ಬೆಲೆಯನ್ನು ಅವಲಂಬಿಸಿದ ಒಪ್ಪಂದ) ಇವುಗಳ ಏರಿಳಿತ ನೇರ ಲಾಭ–ನಷ್ಟ ಖಾತೆಗೆ. ವ್ಯಾಪಾರಕ್ಕಲ್ಲದ ಷೇರನ್ನು ಮೊದಲ ದಿನವೇ ಒಸಿಐ ಎಂದು ಆರಿಸಬಹುದು. ಆದರೆ ಹಾಗೆ ಆರಿಸಿದ ಮೇಲೆ ಹಿಂದೆ ಸರಿಯಲಾಗದು, ಮಾರಿದಾಗ ಬಂದ ಲಾಭವೂ ಲಾಭ–ನಷ್ಟ ಖಾತೆಗೆ ಬರುವುದಿಲ್ಲ. ಈ ಆಯ್ಕೆಯನ್ನು ಆಡಳಿತ ಮಂಡಳಿಗೆ ಮೊದಲೇ ಬಿಡಿಸಿ ಹೇಳಿ, ಆಮೇಲೆ ಹೇಳಿದರೆ ಜಗಳ.

ಲಿಸ್ಟೆಡ್ ಷೇರು ಸುಲಭ: ಎಕ್ಸ್‌ಚೇಂಜ್ ಬೆಲೆಯನ್ನು ಷೇರಿನ ಸಂಖ್ಯೆಯಿಂದ ಗುಣಿಸಿದರೆ ಆಯಿತು. ಇದು ಲೆವೆಲ್ 1: ಬೆಲೆ ನೇರ ಮಾರುಕಟ್ಟೆಯಲ್ಲೇ ಸಿಗುತ್ತದೆ. ಒಟ್ಟಿಗೆ ಮಾರಿದರೆ ಬೆಲೆ ಬಿದ್ದೀತು ಎಂದು ದೊಡ್ಡ ಹಿಡುವಳಿಗೆ ಕಡಿತ ಹಾಕುವಂತಿಲ್ಲ, ಬ್ರೋಕರೇಜ್ ಕಳೆಯುವಂತೆಯೂ ಇಲ್ಲ. ಎಡವುವುದು ತಾರೀಖಿನಲ್ಲಿ. 2024ರ ಮಾರ್ಚ್ 31 ಭಾನುವಾರ, 2025ರ ಮಾರ್ಚ್ 31 ರಂಜಾನ್ ಹಬ್ಬದ ರಜೆ. ಎರಡೂ ವರ್ಷ ಕೊನೆಯ ವಹಿವಾಟು ಮಾರ್ಚ್ 28. ಏಪ್ರಿಲ್ 1ರ ಬೆಲೆಯನ್ನು ನಕಲಿಸಿದ ಶೀಟ್ ಆಡಿಟರ್ ಕಣ್ಣಿಗೆ ಬೀಳದೆ ಇರುವುದಿಲ್ಲ.

ಫಾರ್ವರ್ಡ್ ಕಾಂಟ್ರಾಕ್ಟ್ (ಇಂದೇ ದರ ಗೊತ್ತುಮಾಡಿ ಮುಂದೆ ಕೊಡು–ಕೊಳ್ಳುವ ಒಪ್ಪಂದ) ಲೆವೆಲ್ 2: ಮಾರುಕಟ್ಟೆಯಲ್ಲಿ ಕಾಣುವ ದರಗಳಿಂದ ಲೆಕ್ಕ ಹಾಕುವುದು. ಉದಾಹರಣೆಗೆ 1,00,000 ಡಾಲರ್ ಅನ್ನು 86.00 ರೂಪಾಯಿಗೆ ಮಾರುವ ಒಪ್ಪಂದವಿದೆ, ಮುಗಿಯಲು ಮೂರು ತಿಂಗಳಿದೆ ಎನ್ನಿ. ಅದೇ ಅವಧಿಯ ಫಾರ್ವರ್ಡ್ ದರ ಈಗ 86.80. ನಷ್ಟ 80,000. ಅದನ್ನು ವರ್ಷಕ್ಕೆ 7% ದರದಲ್ಲಿ ಇಂದಿಗೆ ತಂದರೆ 80,000 ÷ 1.0175, ಅಂದರೆ ಸುಮಾರು 78,624 ರೂಪಾಯಿ ಹೊಣೆ. ಫಾರ್ವರ್ಡ್ ದರದ ಬದಲು ಸ್ಪಾಟ್ ದರ (ಆ ದಿನದ ವಿನಿಮಯ ದರ) ಹಾಕುವುದು ಎಲ್ಲರೂ ಮಾಡುವ ತಪ್ಪು. ಬ್ಯಾಂಕ್ ಕಳಿಸುವ ಎಂಟಿಎಂ (ಮಾರ್ಕ್ ಟು ಮಾರ್ಕೆಟ್, ಆ ದಿನದ ಮಾರುಕಟ್ಟೆ ಮೌಲ್ಯ) ಪತ್ರವನ್ನು ಹಾಗೇ ಹಾಕಿಬಿಡಬೇಡಿ, ನೀವೂ ಒಮ್ಮೆ ಲೆಕ್ಕ ಹಾಕಿ ನೋಡಿ: ಆ ಸಂಖ್ಯೆಯ ಜವಾಬ್ದಾರಿ ಕಂಪನಿಯದೇ.

ಹೆಚ್ಚಿನವರು ಮರೆಯುವುದು ಬಡ್ಡಿಯಿಲ್ಲದ ಬಾಡಿಗೆ ಅಡ್ವಾನ್ಸ್. ಮೂರು ವರ್ಷಕ್ಕೆ 12,00,000 ಕೊಟ್ಟಿದ್ದೀರಿ, ಅಂಥ ಸಾಲಕ್ಕೆ ಮಾರುಕಟ್ಟೆ ದರ 9% ಎಂದಿಟ್ಟುಕೊಳ್ಳಿ. ಮೊದಲ ದಿನದ ಮೌಲ್ಯ 12,00,000 ÷ 1.295029 (1.09ರ ಘನ) = 9,26,620. ಉಳಿದ 2,73,380 ರೂಪಾಯಿಯನ್ನು ಇಂಡ್ ಎಎಸ್ 116ರ (ಗುತ್ತಿಗೆಯ ಮಾನದಂಡ) ರೈಟ್ ಆಫ್ ಯೂಸ್ ಆಸ್ತಿಗೆ (ಬಾಡಿಗೆ ಜಾಗ ಬಳಸುವ ಹಕ್ಕು) ಸೇರಿಸಿ. ಮೊದಲ ವರ್ಷದ ಬಡ್ಡಿ ಆದಾಯ 83,396, ವರ್ಷಾಂತ್ಯಕ್ಕೆ ಪುಸ್ತಕದಲ್ಲಿ 10,10,016. ಅಷ್ಟರಲ್ಲಿ ದರ 10% ಆದರೆ ಫೇರ್ ವ್ಯಾಲ್ಯೂ ಉಳಿದ ಎರಡು ವರ್ಷಕ್ಕೆ 12,00,000 ÷ 1.21 = 9,91,736. ಪುಸ್ತಕದ ಅಂಕಿ ಬದಲಿಸಬೇಡಿ. ಇಂಡ್ ಎಎಸ್ 107 ಕೇಳುವುದು ಫೇರ್ ವ್ಯಾಲ್ಯೂವನ್ನು ನೋಟ್ಸ್‌ನಲ್ಲಿ (ಲೆಕ್ಕಪತ್ರದ ಟಿಪ್ಪಣಿ) ತೋರಿಸುವುದನ್ನು. ಅಲ್ಪಾವಧಿಯ ಟ್ರೇಡ್ ರಿಸೀವಬಲ್‌ಗಳಿಗೆ (ಗ್ರಾಹಕರಿಂದ ಬರಬೇಕಾದ ಬಾಕಿ) ಅದೂ ಬೇಡ.

ನಿಜವಾದ ಕಷ್ಟ ಲಿಸ್ಟ್ ಆಗದ ಷೇರಿನದು. ಮದ್ದೂರು ಕಡೆಯ ಒಂದು ಖಾಸಗಿ ಬೆಲ್ಲ ಸಂಸ್ಕರಣಾ ಕಂಪನಿಯಲ್ಲಿ ನಿಮ್ಮದು 5% ಪಾಲು ಎಂದು ಊಹಿಸಿ. ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) 6 ಕೋಟಿ, ಹೋಲಿಕೆಯ ಲಿಸ್ಟೆಡ್ ಕಂಪನಿಗಳ ಮಲ್ಟಿಪಲ್ (ಕಂಪನಿಯ ಮೌಲ್ಯ ಎಬಿಟ್ಡಾದ ಎಷ್ಟು ಪಟ್ಟು ಎಂಬುದು) 8, ನಿವ್ವಳ ಸಾಲ 10 ಕೋಟಿ. 6 × 8 = 48ರಿಂದ 10 ಕಳೆದರೆ 38 ಕೋಟಿ. ಸುಲಭವಾಗಿ ಮಾರಲಾಗದ್ದಕ್ಕೆ 20% ಕಡಿತ ಮಾಡಿದರೆ 30.4, ನಿಮ್ಮ ಪಾಲು 1.52 ಕೋಟಿ. ಸಾಲ ಕಳೆಯುವ ಮೊದಲೇ ಆ 20% ಹಾಕಿದರೆ ಪಾಲು 1.42 ಕೋಟಿಗೆ ಇಳಿದು ಲೆಕ್ಕ ಕೆಡುತ್ತದೆ. ಲಿಸ್ಟೆಡ್ ಮಲ್ಟಿಪಲ್ ಬರುವುದೇ ಸಣ್ಣ ಹಿಡುವಳಿಯ ಬೆಲೆಯಿಂದ, ಆದ್ದರಿಂದ ಅಲ್ಪಪಾಲು ಎಂದು ಇನ್ನೊಂದು ಕಡಿತ ಬೇಡ. "ಕೊಂಡ ಬೆಲೆಯೇ ಇರಲಿ" ಎನ್ನುವುದು ಅಪರೂಪದ ಸಂದರ್ಭದಲ್ಲಷ್ಟೇ ನಡೆಯುತ್ತದೆ. ಕೊಂಡ ಮೇಲೆ ಕಂಪನಿಯ ಗುರಿ ತಪ್ಪಿದ್ದರೆ, ಹೊಸ ಹೂಡಿಕೆದಾರರು ಬೇರೆ ಬೆಲೆಗೆ ಬಂದಿದ್ದರೆ ಅದು ಬಿದ್ದುಹೋಗುತ್ತದೆ.

ಇದು ಲೆವೆಲ್ 3: ಮಾರುಕಟ್ಟೆಯಲ್ಲಿ ಕಾಣದ ಅಂದಾಜು ಬೇಕಾಗುವ ಅಳತೆ. ಯಾವುದೇ ಅಳತೆಯ ಲೆವೆಲ್ ತೀರ್ಮಾನವಾಗುವುದು, ಫಲಿತಾಂಶದ ಮೇಲೆ ಗಣನೀಯ ಪರಿಣಾಮ ಬೀರುವ ಇನ್‌ಪುಟ್‌ಗಳಲ್ಲಿ (ಲೆಕ್ಕಕ್ಕೆ ಬಳಸಿದ ಅಂಕಿಗಳಲ್ಲಿ) ಅತಿ ಕೆಳಗಿನ ಲೆವೆಲ್‌ನದರಿಂದ; 3 ಎಲ್ಲಕ್ಕಿಂತ ಕೆಳಗಿನದು. ಒಂಬತ್ತು ಇನ್‌ಪುಟ್ ಮಾರುಕಟ್ಟೆಯದಾಗಿದ್ದು, ನಿರ್ಣಾಯಕವಾದ ಹತ್ತನೆಯದು ನಿಮ್ಮ ಅಂದಾಜಾಗಿದ್ದರೆ ಲೆವೆಲ್ 3ಕ್ಕೇ ಹೋಗುತ್ತದೆ.

ನೋಟ್ಸ್‌ನಲ್ಲಿ ಮೂರೂ ಲೆವೆಲ್‌ಗಳ ಮೊತ್ತ, 2 ಮತ್ತು 3ರ ವಿಧಾನ ಮತ್ತು ಇನ್‌ಪುಟ್ ಬರೆಯಿರಿ. ಲೆವೆಲ್ 3ಕ್ಕೆ ಇನ್‌ಪುಟ್‌ಗಳ ಅಂಕಿ, ಆರಂಭದ ಬಾಕಿಯಿಂದ ಅಂತ್ಯದ ಬಾಕಿವರೆಗಿನ ಚಲನೆ, ಸೆನ್ಸಿಟಿವಿಟಿ (ಇನ್‌ಪುಟ್ ಬದಲಾದರೆ ಮೌಲ್ಯ ಎಷ್ಟು ಬದಲಾಗುತ್ತದೆ ಎಂಬುದು) ಇವೂ ಬೇಕು. ಮೇಲಿನ ಉದಾಹರಣೆಯಲ್ಲಿ ಮಲ್ಟಿಪಲ್ 7 ಆದರೆ ಪಾಲು 1.28 ಕೋಟಿ, ಅಂದರೆ ಒಂದು ಅಂಕಕ್ಕೆ 24 ಲಕ್ಷದ ವ್ಯತ್ಯಾಸ. ಇಂಥ ಸಾಲೇ ಓದುವವರಿಗೆ ಬೇಕಾಗಿರುವುದು. "ಮೌಲ್ಯ ಬದಲಾಗಬಹುದು" ಎಂದರೆ ಏನೂ ಹೇಳಿದಂತಾಗಲಿಲ್ಲ. ಆಡಿಟರ್ ಎಸ್‌ಎ 540ರ (ಅಂದಾಜುಗಳ ಆಡಿಟ್ ಮಾನದಂಡ) ಅಡಿ ಮೊದಲು ಕೇಳುವುದು 8 ಮತ್ತು 20% ಎಲ್ಲಿಂದ ಬಂದವು ಎಂದು. ಹೋಲಿಕೆಗೆ ಹಿಡಿದ ಕಂಪನಿಗಳ ಪಟ್ಟಿ, ಕೈಬಿಟ್ಟವುಗಳ ಕಾರಣ, ಬೆಲೆ ತೆಗೆದ ತಾರೀಖು ಇವನ್ನು ಲೆಕ್ಕ ಹಾಕಿದ ದಿನವೇ ಅದೇ ಶೀಟಿನಲ್ಲಿ ಬರೆದಿಡಿ. ಜೂನ್‌ನಲ್ಲಿ ನೆನಪಿಸಿಕೊಂಡು ಬರೆದ ಕಾರಣ ಮಾರ್ಚ್‌ನ ಅಂಕಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ.