ಹಿರಿಯರ ಸಂಪ್ರದಾಯವನ್ನು ತೂಗುವುದು, ದೇವರ ಜೊತೆ ಸ್ವಂತ ಮಾತಾಡುವುದು: ಕ್ರೈಸ್ತರಿಗೊಂದು ಅಭ್ಯಾಸ

ಚರ್ಚಿಗೆ ಹೋಗುವ ಮನೆಗಳಲ್ಲಿ ಈ ಜಗಳ ಹೊಸದಲ್ಲ. 'ಇದೆಲ್ಲ ಮನುಷ್ಯರು ಮಾಡಿದ ಸಂಪ್ರದಾಯ, ದೇವರ ಜೊತೆ ಸಂಬಂಧ ಇದ್ದರೆ ಸಾಕು' ಎಂದು ಒಬ್ಬರು. 'ತಾತ ಮುತ್ತಾತರಿಂದ ಬಂದದ್ದನ್ನು ಬಿಡೋಕಾಗುತ್ತಾ' ಎಂದು ಇನ್ನೊಬ್ಬರು. ಮೊದಲನೆಯವರ ಕೈಲಿ ಮಾರ್ಕ 7, ಎರಡನೆಯವರ ಕೈಲಿ 2 ಥೆಸಲೋನಿಕ 2:15. ಎರಡೂ ಕಡೆ ಮೂಲ ಗ್ರೀಕಿನಲ್ಲಿರುವುದು ಒಂದೇ ಪದ, ಪರಾದೊಸಿಸ್. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದ್ದು ಎಂದರ್ಥ. ಒಂದು ಕಡೆ ಅದನ್ನು ಖಂಡಿಸಿದೆ, ಇನ್ನೊಂದು ಕಡೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಿದೆ. ಹಾಗಾಗಿ 'ಸಂಪ್ರದಾಯ' ಎಂಬ ಹಣೆಪಟ್ಟಿ ನೋಡಿ ತೀರ್ಪು ಕೊಡಲು ಬರುವುದಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿಯೇ ತೂಗಬೇಕು.

ತೂಗುವ ಮೊದಲು ಮಾರ್ಕ 7:1-13 ಅನ್ನು ಒಂದೇ ಕೂತಲ್ಲಿ ಎರಡು ಸಲ ಓದಿ. ಯೇಸುವಿನ ಶಿಷ್ಯರು ಕೈ ತೊಳೆಯದೆ ಊಟ ಮಾಡಿದರು ಎಂಬುದು ಫರಿಸಾಯರ ಆಕ್ಷೇಪ. ಪ್ರಶ್ನೆ ಕೊಳೆಯದಲ್ಲ, ಮಡಿಯದು. ವಿಮೋಚನಕಾಂಡ 30ರಲ್ಲಿ ಕೈಕಾಲು ತೊಳೆಯಬೇಕೆಂದು ಹೇಳಿರುವುದು ದೇವದರ್ಶನದ ಗುಡಾರದ ಸೇವೆಗೆ ಹೋಗುವ ಯಾಜಕ ಆರೋನನಿಗೆ, ಅವನ ಮಕ್ಕಳಿಗೆ. ಹಿರಿಯರು ಆ ಮಡಿಯನ್ನು ಮನೆಮನೆಯ ಊಟದವರೆಗೆ ತಂದರು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ, ಯೆಹೂದಿ ಹಿರಿಯರ ನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಕೈಗೆ ಸುರಿಯಬೇಕಾದ ನೀರಿನ ಅಳತೆಯೂ ಇದೆ: ಕಾಲು ಲೋಗ್, ಹೆಚ್ಚುಕಡಿಮೆ ಒಂದು ಸಣ್ಣ ಲೋಟ. ಇದರಲ್ಲಿ ಕೆಟ್ಟ ಉದ್ದೇಶವೇನೂ ಕಾಣುವುದಿಲ್ಲ.

ಯೇಸು ಉತ್ತರ ಕೊಡುವಾಗ ನೀರಿನ ಮಾತು ಬಿಟ್ಟು ಕೊರ್ಬಾನಿನ ಮಾತು ಎತ್ತುತ್ತಾನೆ. ಅಸಲು ವಿಷಯ ಇರುವುದು ಅಲ್ಲಿಯೇ. ಕೊರ್ಬಾನ್ ಎಂದರೆ ದೇವರಿಗೆ ಅರ್ಪಿಸಿದ್ದು. ತನ್ನ ಹಣವನ್ನು ಮಗ ಹಾಗೆ ಮುಡಿಪಿಟ್ಟನೆಂದರೆ ಅದರಿಂದ ಅಪ್ಪ ಅಮ್ಮನಿಗೆ ಸಹಾಯವಾಗುವಂತಿಲ್ಲ. ಹರಕೆ ಮುರಿಯಬಾರದೆಂದು ಅರಣ್ಯಕಾಂಡ 30 ಹೇಳುತ್ತದೆ, ತಂದೆತಾಯಿಗಳನ್ನು ಸನ್ಮಾನಿಸಬೇಕೆಂದು ವಿಮೋಚನಕಾಂಡ 20 ಹೇಳುತ್ತದೆ. ಎರಡೂ ಎದುರುಬದುರಾದಾಗ ಸಂಪ್ರದಾಯ ಹರಕೆಯ ಪರ ನಿಂತಿತು, ಹೆತ್ತವರು ಬರಿಗೈಯಲ್ಲಿ ಉಳಿದರು.

ಈಗ ಅರ್ಧ ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಅಥವಾ ಸಭೆಯ ಒಂದೇ ಒಂದು ಆಚರಣೆಯ ಹೆಸರು ಬರೆಯಿರಿ. ಹತ್ತನ್ನು ಒಟ್ಟಿಗೆ ಹಿಡಿದರೆ ಯಾವುದನ್ನೂ ತೂಗಿದಂತಾಗುವುದಿಲ್ಲ. ಅದರ ಕೆಳಗೆ ಮೂರು ಪ್ರಶ್ನೆ:

1. ಇದು ಎಲ್ಲಿಂದ ಬಂತು: ವೇದವಾಕ್ಯದ ನೇರ ಮಾತೋ, ಸಭೆಯ ಕ್ರಮವೋ, ಊರ ರೂಢಿಯೋ?
2. ಇದಕ್ಕಾಗಿ ಯಾವ ಸ್ಪಷ್ಟ ಆಜ್ಞೆ ಪಕ್ಕಕ್ಕೆ ಸರಿಯುತ್ತಿದೆ? ಅದರ ಬೆಲೆ ಯಾರು ತೆರುತ್ತಿದ್ದಾರೆ?
3. ಒಂದು ಸಲ ತಪ್ಪಿದರೆ ನನ್ನನ್ನು ಕಾಡುವುದೇನು? ದೇವರ ನೆನಪೋ, ಜನ ಏನಂದಾರು ಎಂಬ ಚಿಂತೆಯೋ?

ತೀರ್ಮಾನ ಆಗುವುದು ಎರಡನೆಯದರಲ್ಲಿ. ಮಂಗಳೂರು ಕಡೆಯ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್ ತೆಗೆದುಕೊಳ್ಳಿ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹೊಸ ತೆನೆ ಆಶೀರ್ವಾದ ಪಡೆದು ಮನೆಗೆ ಬರುತ್ತದೆ, ಮನೆಮಂದಿ ಒಟ್ಟಿಗೆ ಕೂತು ಉಣ್ಣುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ 'ರೂಢಿ'. ಎರಡನೆಯದಕ್ಕೆ ಏನೂ ಸಿಗುವುದಿಲ್ಲ. ಯಾವ ಆಜ್ಞೆಯನ್ನೂ ಅದು ತಳ್ಳಿಲ್ಲ. ಇನ್ನು ಚರ್ಚಿನ ಸುಗ್ಗಿ ಹಬ್ಬದಲ್ಲಿ ನಡೆಯುವ ಹರಾಜು. ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗುವುದರಲ್ಲಿ ತಪ್ಪಿಲ್ಲ, ಕಾಣಿಕೆ ಕಾಣಿಕೆಯೇ. ಆದರೆ ಹಾಗೆ ಕೂಗಿದವನ ತಾಯಿಯ ಮಾತ್ರೆಯ ದುಡ್ಡು ಮೆಡಿಕಲ್ ಶಾಪಿನಲ್ಲಿ ಎರಡು ತಿಂಗಳಿಂದ ಬಾಕಿ ಇದ್ದರೆ ಅದು ಸಾಕ್ಷಾತ್ ಕೊರ್ಬಾನ್. ಹಬ್ಬ ನಿಲ್ಲಿಸಬೇಕಿಲ್ಲ, ಮೊದಲು ಬಾಕಿ ತೀರಿಸಬೇಕು.

ಹೆಚ್ಚಿನವರು ಎಡವುವುದು ಮೊದಲ ಪ್ರಶ್ನೆಯಲ್ಲೇ ನಿಂತು. 'ಬೈಬಲಿನಲ್ಲಿ ಇಲ್ಲ, ಬಿಟ್ಟುಬಿಡಿ' ಎನ್ನುತ್ತಾರೆ. ಸಭಾಮಂದಿರ ಕಟ್ಟಿ ಸಬ್ಬತ್ತಿಗೆ ಅಲ್ಲಿ ಸೇರಿ ಎಂದು ಮೋಶೆಯ ಧರ್ಮಶಾಸ್ತ್ರದಲ್ಲೂ ಇಲ್ಲ. ಆದರೂ ಯೇಸು ವಾಡಿಕೆಯಂತೆ ಅಲ್ಲಿಗೆ ಹೋದನೆಂದು ಲೂಕ 4:16 ಹೇಳುತ್ತದೆ.

ಶಿಲುಬೆಯ ಮೇಲೆ ಅವನು ಕೂಗಿದ್ದನ್ನೂ ನೋಡಿ: 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?' ಅದು 22ನೇ ಕೀರ್ತನೆಯ ಮೊದಲ ಸಾಲು. ಅಷ್ಟು ಸ್ವಂತದ ಸಂಕಟಕ್ಕೆ ಬಾಯಿಗೆ ಬಂದದ್ದು ಹಿರಿಯರಿಂದ ಬಂದ ಪ್ರಾರ್ಥನೆ. ಆದ್ದರಿಂದ ದೇವರ ಜೊತೆ ಸ್ವಂತ ಮಾತು ಕಲಿಯಬೇಕಾದರೆ ಬಾಯಿಪಾಠದ ಮಾತನ್ನೇ ಮೊದಲು ಹಿಡಿಯುವುದು ವಾಸಿ.

ದಿನಕ್ಕೆ 15 ನಿಮಿಷ ಸಾಕು. ಮತ್ತಾಯ 6:6 ಹೇಳುವಂತೆ ಬಾಗಿಲು ಮುಚ್ಚಿಕೊಳ್ಳಿ, ಮೊಬೈಲನ್ನು ಬಾಗಿಲ ಆಚೆ ಇಡಿ. ಮೊದಲ ವಾರಕ್ಕೆ 13ನೇ ಕೀರ್ತನೆ, ಆರೇ ವಚನ. ಒಂದು ಸಲ ಗಟ್ಟಿಯಾಗಿ, ಒಂದು ಸಲ ಮೆಲ್ಲಗೆ ಓದಿ. ಮೊದಲೆರಡು ವಚನಗಳಲ್ಲಿ 'ಎಷ್ಟರವರೆಗೆ' ಎಂಬ ದೂರು ನಾಲ್ಕು ಸಲ ಬರುತ್ತದೆ. ಅಲ್ಲಿ ನಿಲ್ಲಿಸಿ ನಿಮ್ಮದೇ ಒಂದು 'ಎಷ್ಟರವರೆಗೆ' ಹೇಳಿ, ಹೆಸರು ಹಿಡಿದು: ಸಾಲ, ಕಾಯಿಲೆ, ಮಾತು ಬಿಟ್ಟ ಅಣ್ಣ. 3 ಮತ್ತು 4ನೇ ವಚನ ಬೇಡಿಕೆ. ಬೇಕಾದದ್ದು ಒಂದನ್ನೇ ಕೇಳಿ. 5 ಮತ್ತು 6 ಭರವಸೆ. ಮನಸ್ಸು ಅಲ್ಲಿಗಿನ್ನೂ ಬಂದಿಲ್ಲವೆಂದರೆ ಕೀರ್ತನೆಯ ಮಾತನ್ನೇ ಓದಿ ಮುಗಿಸಿ, ಇಲ್ಲದ ಸಂತೋಷವನ್ನು ನಟಿಸಬೇಡಿ.

ಎರಡನೇ ವಾರ 'ಪರಲೋಕದಲ್ಲಿರುವ ನಮ್ಮ ತಂದೆಯೇ'. ರೂಢಿಯ ವೇಗದಲ್ಲಿ ಹೇಳಿದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ, ತೊಂದರೆಯೇ ಅದು. ಒಂದೊಂದು ಬೇಡಿಕೆಗೂ ನಿಲ್ಲಿಸಿ ಸ್ವಂತದ ಒಂದು ವಾಕ್ಯ ಸೇರಿಸಿ. 'ಅನುದಿನದ ಆಹಾರ' ಬಂದಾಗ ಈ ತಿಂಗಳ ರೇಷನ್ ನೆನಪಾದರೆ ಅದನ್ನೇ ಹೇಳಿ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದಾಗ ಒಬ್ಬರ ಹೆಸರು ಹೇಳಬೇಕು. ಬಹಳ ಜನ ಗಂಟಲು ಸರಿಮಾಡಿಕೊಂಡು ಮುಂದೆ ಹೋಗುವುದು ಇಲ್ಲೇ. ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ ಬರೆದುಕೊಟ್ಟದ್ದೂ ಇದೇ ಬಗೆಯ ಕ್ರಮ. ಕ್ಷೌರ ಮಾಡುವವನ ಗಮನ ಕತ್ತಿಯ ಮೇಲಿರುವಂತೆ ಪ್ರಾರ್ಥಿಸುವವನ ಗಮನ ಮಾತಿನ ಮೇಲಿರಬೇಕು, ಒಂದೇ ಬೇಡಿಕೆಯಲ್ಲಿ ಮನಸ್ಸು ತುಂಬಿ ಬಂದರೆ ಉಳಿದವನ್ನು ಬಿಟ್ಟುಬಿಡಬಹುದು ಎಂದಿದ್ದಾನೆ.

ಜಪಸರ ಹೇಳುವವರು ಅದನ್ನು ಬಿಡಬೇಕಿಲ್ಲ. ಒಂದು ಸುತ್ತಿಗೆ 53 'ನಮೋ ಮರಿಯಾ'. ಪ್ರತಿ ಹತ್ತರ ಗುಂಪಿಗೆ ಮೊದಲು ಒಬ್ಬರ ಹೆಸರು ಇಟ್ಟುಕೊಳ್ಳಿ, ಬೆರಳು ಮಣಿಯ ಮೇಲಿದ್ದು ಮನಸ್ಸು ಸಂತೆಗೆ ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ. ಹೇಳಿದ್ದನ್ನೇ ಹೇಳುವುದು ವ್ಯರ್ಥ ಎನ್ನುವವರಿಗೆ ಮತ್ತಾಯ 26:44 ತೋರಿಸಿ: ಗೆತ್ಸೆಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದ.

ಪುಸ್ತಕವಿಲ್ಲದೆ ಪ್ರಾರ್ಥಿಸುವವರಿಗೂ ಇದೇ ರೋಗ ತಗಲುತ್ತದೆ, ಗೊತ್ತಾಗುವುದು ಮಾತ್ರ ತಡವಾಗಿ. ಮೂರು ದಿನ ನಿಮ್ಮ ಪ್ರಾರ್ಥನೆಯ ಮೊದಲ ವಾಕ್ಯವನ್ನು ಬರೆದಿಡಿ. ಮೂರೂ ದಿನ 'ಕರ್ತನೇ ಸ್ತೋತ್ರ, ಈ ದಿನಕ್ಕಾಗಿ ಸ್ತೋತ್ರ' ಎಂದೇ ಇದ್ದರೆ ನಿಮಗೂ ಒಂದು ಲಿಖಿತ ಪ್ರಾರ್ಥನೆ ಇದೆ, ಅಚ್ಚಾಗಿಲ್ಲ ಅಷ್ಟೇ. ನಾಲ್ಕನೇ ದಿನ ಸ್ತೋತ್ರಕ್ಕೆ ಒಂದು ಕಾರಣ ಜೋಡಿಸಿ, ನಿನ್ನೆ ನಡೆದದ್ದೇ ಆಗಿರಲಿ.

ದೇವರನ್ನು 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ಎಂಬ ಗೊಂದಲ ಬೇಡ. ನಿಮ್ಮ ಸಭೆಯ ಪಾಠದಲ್ಲಿ ಹೇಗಿದೆಯೋ ಹಾಗೆ ಶುರು ಮಾಡಿ. ದುಃಖ ಒತ್ತರಿಸಿ ಬಂದಾಗ ಕನ್ನಡದ ನಾಲಿಗೆ ತಾನಾಗಿ 'ನೀನು'ಗೆ ಇಳಿಯುತ್ತದೆ, ತಡೆಯಬೇಡಿ.

ಕೆಲವು ದಿನ ಏನೂ ತೋಚದು, ಉತ್ತರ ಬಂದಂತೆಯೂ ಅನಿಸದು. ಅಂಥ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚಿ ಏಳಬಹುದು.